ಡಿಎನ್‌ಎ ಸೀರೆಯ ಮೇಲೆ ಜಡೆಪ್ಪ

ಜಡೆಪ್ಪನಿಗೆ ಸೀಟಿ ಸಿಗಲಿಲ್ಲ, ಪರಾತ ಸಿಕ್ಕಿತು. ಅವತ್ತಿನ ರಂಪವೆಲ್ಲ ಶುರುವಾದದ್ದು ಅಲ್ಲಿಂದ.

ಹೊಸಪೇಟೆಯ ಆ ಖಾಸಗಿ ಡಿಗ್ರಿ ಕಾಲೇಜಿಗೆ ಅಂದು ತಪಾಸಣಾ ಸಮಿತಿ ಬರುವುದಿತ್ತು. ಜೀವಶಾಸ್ತ್ರ ವಿಭಾಗದಲ್ಲಿ ಟೆಂಪರರಿ ಉಪನ್ಯಾಸಕರು ಇಬ್ಬರು: ಕಂಪ್ಲಿಯಿಂದ ಬಸ್ಸಿನಲ್ಲಿ ಓಡಾಡುವ ಜಡೆಪ್ಪ, ಸಂಡೂರಿನ ಸ್ಫೂರ್ತಿ. ಕಾಯಂ ಆಗುವ ಕುರ್ಚಿ ಒಂದೇ. ಸಮಿತಿ ಮೆಚ್ಚಿದವರಿಗೆ ಅದು ಎಂದು ಆಡಳಿತ ಮಂಡಳಿ ಬಾಯಿಬಿಟ್ಟು ಹೇಳಿತ್ತು. ಜಡೆಪ್ಪ ತಲೆಗೂದಲು ಕಳೆದುಕೊಂಡದ್ದೇ ಈ ಕಾಲೇಜಿನಲ್ಲಿ. ಸ್ಫೂರ್ತಿ ನಿನ್ನೆ ಮೊನ್ನೆ ಬಂದವಳು. ಆದರೂ ಅವಳ ತರಗತಿಯಲ್ಲಿ ಮಕ್ಕಳು ಕಿಟಕಿಯ ಮೇಲೂ ಕೂರುತ್ತಿದ್ದರು. ಇವನ ತರಗತಿಯಲ್ಲಿ ಮುಂದಿನ ಬೆಂಚಿನವರು ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಿದ್ದರು. ಕ್ಯಾಂಟೀನಿನಲ್ಲಿ ಅವಳ ತಟ್ಟೆಗೆ ಬಿಸಿ ಮಿರ್ಚಿ ಬಜ್ಜಿ ಬೀಳುತ್ತಿತ್ತು, ಇವನ ತಟ್ಟೆಗೆ ಬೆಳಗಿನದು. ಅವಳನ್ನು 'ಮೇಡಂ' ಎಂದು ಕರೆಯುವಾಗಲೆಲ್ಲ ಜಡೆಪ್ಪನ ಗಂಟಲು ಅದಿರು ಲಾರಿಯ ಹಿಂದೆ ಬೈಕಿನಲ್ಲಿ ಸಿಕ್ಕಿಬಿದ್ದವನ ಗಂಟಲಿನಂತೆ ಒಣಗುತ್ತಿತ್ತು.

ಸಮಿತಿಗೆ ಏನಾದರೂ ಹೊಸತು ತೋರಿಸಬೇಕಲ್ಲ. ಕಾಲೇಜಿನ ಬಯಲಿನಲ್ಲಿ ಹುಡುಗಿಯರಿಂದಲೇ ಜೀವಕೋಶ ಒಡೆದು ಎರಡಾಗುವುದನ್ನು ಆಡಿಸೋಣ ಎಂದವಳು ಸ್ಫೂರ್ತಿ. ಹಳೆಯ ಸೀರೆಗಳನ್ನು ಉದ್ದಕ್ಕೆ ಹೊಲಿದು ಹಾಸಿದರೆ ಅದೇ ಡಿಎನ್‌ಎ. ಅದರ ಮೇಲೆ ನಿಲ್ಲುವವರು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು, ಅಂದರೆ ಡಿಎನ್‌ಎಗೆ ಅಂಟಿಕೊಂಡು ಯಾವ ಜೀನ್ ಏಳಬೇಕು, ಯಾವುದು ಮಲಗಬೇಕು ಎಂದು ಹೇಳುವ ಪ್ರೋಟೀನುಗಳು. ಅವುಗಳಲ್ಲಿ ಮಿಕ್ ಎಂಬುದು ಕೋಶಕ್ಕೆ ಬೆಳೆ, ಒಡೆ ಎನ್ನುತ್ತದೆ. ಪಿ-ಫಿಫ್ಟಿತ್ರೀ ಎಂಬುದು ಕೆಟ್ಟದ್ದು ಕಂಡ ಕೂಡಲೇ ತಡೆಯುತ್ತದೆ. ಪುಸ್ತಕಗಳು ಅದನ್ನು ಕಾವಲುಗಾರ ಎಂದೇ ಕರೆಯುತ್ತವೆ. ಕಾವಲುಗಾರನ ಸೀಟಿ ಸ್ಫೂರ್ತಿಯ ಕೊರಳಿಗೆ ಹೋಯಿತು. ಮಿಕ್ ಆದ ಜಡೆಪ್ಪನಿಗೆ ಕ್ಯಾಂಟೀನಿನಲ್ಲಿ ಹಿಟ್ಟು ಕಲಸುವ ಅಗಲವಾದ ಪರಾತ, ಬಡಿಯಲು ಒಂದು ಸೌಟು.

ಆಟ ಸರಳ. ಕೈ ಹಿಡಿದ ಇಬ್ಬರು ಹುಡುಗಿಯರು ಒಂದು ಕೋಶ. ಪರಾತ ಬಡಿದರೆ ಅವರು ಕೈಬಿಟ್ಟು, ಕಾಯುತ್ತಿರುವ ಸಾಲಿನಿಂದ ಒಬ್ಬೊಬ್ಬರನ್ನು ಎಳೆದುಕೊಂಡು ಎರಡು ಜೋಡಿಯಾಗಬೇಕು. ಪರಾತದ ಸದ್ದು ನಿಲ್ಲುವವರೆಗೂ ಒಡೆಯುತ್ತಲೇ ಇರಬೇಕು. ಸೀಟಿ ಊದಿದರೆ ಜಡೆಪ್ಪ ಬಡಿಯುವುದನ್ನು ನಿಲ್ಲಿಸಬೇಕು.

ಪಾತ್ರ ಬದಲಿಸೋಣವೇ ಎಂದು ಅವನು ಕೇಳದೆ ಇರಲಿಲ್ಲ. ಮಿಕ್ ಪಾತ್ರಕ್ಕೆ ದಮ್ಮು ಬೇಕು, ಅದು ನಿಮಗೇ ಇರುವುದು ಎಂದು ಅವಳು ನಯವಾಗಿ ಜಾರಿಕೊಂಡಿದ್ದಳು. ಇತಿಹಾಸದ ಭರಮಣ್ಣ ಮಾತ್ರ ಅವನನ್ನು ಸುಮ್ಮನೆ ಬಿಡಲಿಲ್ಲ.

"ಕಾವಲು ಕಾಯೋರು ಅವ್ರು, ಪರಾತ ಬಡಿಯೋರು ನೀವು," ಎಂದ ಅವನು, ಅಡಿಕೆ ಅಗಿಯುತ್ತ. "ಕಾಯಂ ಯಾರು ಆಗ್ತಾರ ಅಂತ ನಮ್ಮ ಪ್ಯೂನ್‌ಗೂ ಗೊತ್ತೈತಿ ಬಿಡ್ರಿ ಸರ."

ಮೊದಲ ಸುತ್ತು ಚೆನ್ನಾಗಿಯೇ ನಡೆಯಿತು. ಪರಾತ ಢಣ್ ಎಂದಿತು, ಜೋಡಿಗಳು ಒಡೆದವು, ಸೀಟಿ ಕೂಗಿತು, ಎಲ್ಲರೂ ಕಲ್ಲಾದರು. ಧಾರವಾಡದಿಂದ ಬಂದಿದ್ದ ಸಮಿತಿಯ ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು ನೋಡಿದ್ದು ಸೀಟಿಯ ಕಡೆಗೆ. ನಕ್ಕಿದ್ದೂ ಆ ಕಡೆಗೇ. ಜಡೆಪ್ಪನ ಎದೆಯಲ್ಲಿ ಸಾಸಿವೆ ಸಿಡಿಯಿತು. ತಾನು ನಿಲ್ಲಿಸದಿದ್ದರೆ ಈ ಸೀಟಿಗೆ ಏನು ಬೆಲೆ?

ಎರಡನೇ ಸುತ್ತಿನಲ್ಲಿ ಸೀಟಿ ಕೂಗಿತು. ಜಡೆಪ್ಪ ನಿಲ್ಲಿಸಲಿಲ್ಲ. ಮತ್ತೆ ಕೂಗಿತು. ಅವನು ಇನ್ನೂ ಜೋರಾಗಿ ಬಡಿದ.

ಕಾಯುವ ಸಾಲು ಖಾಲಿಯಾಯಿತು. ಪರಾತ ನಿಂತಿಲ್ಲವಲ್ಲ, ಹುಡುಗಿಯರು ನೋಡಲು ನಿಂತವರನ್ನು ಎಳೆದರು. ಲೈಬ್ರರಿಯವರು ಹೋದರು. ಭರಮಣ್ಣ ಅಡಿಕೆ ಸಮೇತ ಹೋದ. ಹಾರ ಹಿಡಿದು ನಿಂತಿದ್ದ ಪ್ರಾಂಶುಪಾಲ ಕೊಟ್ರಯ್ಯನವರ ಒಂದು ಕೈ ಒಬ್ಬಳಿಗೆ, ಇನ್ನೊಂದು ಕೈ ಇನ್ನೊಬ್ಬಳಿಗೆ ಸಿಕ್ಕು, ಅವರು ಯಾವ ಕೋಶಕ್ಕೆ ಸೇರಿದವರೆಂದು ತೀರ್ಮಾನವಾಗದೆ ಹಾರ ಹರಿಯಿತು. ಗೇಟು ದಾಟಿದ ಜೋಡಿಗಳು ಕಬ್ಬಿನ ಹಾಲಿನವನನ್ನೂ ಮರಿಯಮ್ಮನಹಳ್ಳಿ ಲಾರಿಯ ಕ್ಲೀನರನನ್ನೂ ಕರೆತಂದವು. ಬಯಲಿನಲ್ಲಿ ಜಾಗ ಸಾಲದೆ ಗುಂಪು ಊಟದ ಹಾಲಿಗೆ ನುಗ್ಗಿತು. ಸಮಿತಿಗೆಂದು ಮಾಡಿಟ್ಟಿದ್ದ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಹೋಳಿಗೆ ಎಲ್ಲ ನೋಡನೋಡುತ್ತಲೇ ಮಾಯವಾದವು.

"ಜಡೆಪ್ಪ, ಸಾಕ್ ನಿಲ್ಲಸ್ರೀ," ಎಂದು ಕೊಟ್ರಯ್ಯನವರು ಎಲ್ಲಿಂದಲೋ ಕೂಗಿದರು. ಅಷ್ಟರಲ್ಲಿ ಅವರು ಇನ್ನೊಮ್ಮೆ ಒಡೆದರು.

ಸ್ಫೂರ್ತಿ ಊದಿ ಊದಿ ಕೆಂಪಾಗಿದ್ದಳು. ಸೀಟಿಯಿಂದ ಬರೀ ಉಗುಳಿನ ಸದ್ದು ಬರುತ್ತಿತ್ತು. ಇಷ್ಟು ವರ್ಷಗಳಲ್ಲಿ ಜಡೆಪ್ಪನಿಗೆ ಇಂಥ ಸುಖ ಸಿಕ್ಕಿರಲಿಲ್ಲ. ಅಧ್ಯಕ್ಷೆ ಎದ್ದು ನಿಂತು, ಇದೇನ್ರಿ ಇದು ಎಂದು ಕೇಳಿದಾಗ ಅವನು ಕಾಯಂ ಕುರ್ಚಿಯಲ್ಲಿ ಅರ್ಧ ಕೂತೇ ಬಿಟ್ಟಿದ್ದ.

ಸ್ಫೂರ್ತಿ ಹಾಸಿದ ಸೀರೆಯಿಂದ ಆಚೆ ಸರಿದು, ಸೀಟಿಯನ್ನು ಸೆರಗಿನಲ್ಲಿ ಒರೆಸಿಕೊಂಡಳು.

"ಇದು ಕ್ಯಾನ್ಸರ್ ರೀ ಮೇಡಂ," ಎಂದಳು ಶಾಂತವಾಗಿ. "ಮೊದ್ಲು ತೋರಿಸಿದ್ದು ಆರೋಗ್ಯ. ಮಿಕ್ ಹತೋಟಿ ತಪ್ಪಿ, ಪಿ-ಫಿಫ್ಟಿತ್ರೀ ಕೈಲಾಗದಂಗ ಆದ್ರ ಹಿಂಗ ಆಗ್ತದ. ಗಂಟು ಬೆಳೀತದ, ಗೇಟು ದಾಟಿ ಬ್ಯಾರೆ ಕಡಿಗೆ ಹಬ್ಬತದ, ಮೈಯಾಗಿನ ಅನ್ನಾನೂ ತಾನೇ ತಿಂತದ."

ಇದಕ್ಕೆ ಔಷಧ ಏನು ಎಂದು ಕೇಳಿದರು ಅಧ್ಯಕ್ಷೆ.

"ಮಿಕ್‌ಗ ಡಿಎನ್‌ಎ ಮ್ಯಾಲೆ ನಿಲ್ಲಾಕ ಬಿಡಬಾರದು. ಅದರ ದಾರಿ ಇನ್ನೂ ಹುಡುಕಾಕತ್ತಾರ. ನಾವು ಹಿಂಗ ತೋರಸ್ತೀವಿ."

ಅವಳು ಕೈ ಎತ್ತಿದಳು. ಇಷ್ಟೆಲ್ಲ ಗದ್ದಲದಲ್ಲೂ ಒಡೆಯದೆ ಸೀರೆಯ ಒಂದು ತುದಿ ಹಿಡಿದು ಕೂತೇ ಇದ್ದ ನಾಲ್ವರು ಹುಡುಗಿಯರನ್ನು ಜಡೆಪ್ಪ ನೋಡಿದ್ದು ಆಗಲೇ. ನೋಡಿ ಮುಗಿಯುವಷ್ಟರಲ್ಲಿ ಸೀರೆ ಅವನ ಕಾಲಡಿಯಿಂದ ಹೋಯಿತು. ಅವನು ಒಂದು ಕಡೆ, ಸೌಟು ಒಂದು ಕಡೆ. ಪರಾತ ಉರುಳುತ್ತ ಹೋಗಿ ಅಧ್ಯಕ್ಷೆಯ ಕಾಲ ಬಳಿ ಸುತ್ತಿ ಸುತ್ತಿ ಮಲಗಿತು. ಒಡೆಯುತ್ತಿದ್ದ ಜೋಡಿಗಳೆಲ್ಲ ಅಲ್ಲಲ್ಲೇ ನಿಂತವು. ಆಮೇಲೆ ಬಿದ್ದ ಚಪ್ಪಾಳೆ ಬಸ್ ಸ್ಟ್ಯಾಂಡಿಗೂ ಕೇಳಿಸಿರಬೇಕು.

ಅವನನ್ನು ಎಬ್ಬಿಸಲು ಬಂದವಳು ಸ್ಫೂರ್ತಿಯೇ.

"ತಪ್ಪ್ ತಿಳೀಬ್ಯಾಡ್ರಿ ಸರ," ಎಂದಳು ಮೆಲ್ಲಗೆ. "ಮೊದಲೇ ಹೇಳಿದ್ರ ನೀವು ಒಪ್ಪತಿರಲಿಲ್ಲ. ಹೇಳದಿದ್ರ ನಿಲ್ಲಿಸೂದಿಲ್ಲ ಅಂತ ಗೊತ್ತಿತ್ತು."

"ಹೆಂಗ ಗೊತ್ತಿತ್ತು?"

"ದಿನಾ ನಿಮ್ಮ ಎದುರಿನ ಕುರ್ಚಿಯಾಗ ಕುಂದರ್ತೀನಲ್ಲರಿ."

ಆಡಳಿತ ಮಂಡಳಿಯ ಕಾರ್ಯದರ್ಶಿ ತಡಮಾಡಲಿಲ್ಲ. ಅಲ್ಲೇ ಮೈಕು ಹಿಡಿದು, ಸ್ಫೂರ್ತಿ ಮೇಡಂ ಇಂದಿನಿಂದ ಕಾಯಂ ಎಂದು ಸಾರಿದರು. ಅಧ್ಯಕ್ಷೆ ಅವಳಿಗೆ ಶಾಲು ಹೊದಿಸಿದರು. ಜಡೆಪ್ಪನ ಅಂಗೈ ತರಚಿತ್ತು. ಆದರೂ ಎಲ್ಲರ ಜೊತೆ ಚಪ್ಪಾಳೆ ತಟ್ಟಬೇಕಾಯಿತು.

ಆಗ ಊಟದ ಹಾಲಿನಿಂದ ಪತ್ರಿಕೆಯ ಫೋಟೊಗ್ರಾಫರ್ ಮಹಾಂತೇಶ ಬಾಯಿ ಒರೆಸಿಕೊಳ್ಳುತ್ತ ಓಡಿಬಂದ. ಅವನನ್ನೂ ಯಾವುದೋ ಕೋಶ ಎಳೆದೊಯ್ದಿತ್ತು, ಮುಖ್ಯವಾದದ್ದೇ ತಪ್ಪಿಹೋಗಿತ್ತು.

"ಸರ, ಇನ್ನೊಂದ್ಸಲ ಬೀಳ್ರಿ," ಎಂದ ಕ್ಯಾಮೆರಾ ಎತ್ತಿ. "ಮೇಡಂ ನಡುವ ಬರ್ಲಿ. ಬೀಳೋರು ಸ್ವಲ್ಪ ಬಾಜೂಕ."

ಹುಡುಗಿಯರು ಮತ್ತೆ ಸೀರೆ ಹಾಸಿ ತುದಿ ಹಿಡಿದರು. ಯಾರೋ ಸೌಟು ತಂದು ಕೈಗಿಟ್ಟರು. ಜಡೆಪ್ಪ ಸೀರೆಯ ಮೇಲೆ ಹೋಗಿ ನಿಂತ. ಫೋಟೊದೊಳಗೆ ಬೀಳಲೆಂದು, ಯಾರಿಗೂ ಕಾಣದಂತೆ, ನಡುವಿನ ಕಡೆಗೆ ಒಂದು ಗೇಣು ಸರಿದುಕೊಂಡ.