ಭೂಮಿಯ ಬಿಸಿಯೂ ಬಾದಾಮಿ ಮರವೂ

ಜನರಿಗೆ ತಿಳಿವಳಿಕೆ ಹೇಳಲು ಹೊರಟವನ ತಲೆಯೇ ಮೊದಲು ಬಿಸಿಯಾಗುತ್ತದೆ. ನನಗಂತೂ ಇದು ಒಮ್ಮೆ ಆಗಿ ಮುಗಿದದ್ದಲ್ಲ, ಆಗುತ್ತಲೇ ಇರುತ್ತದೆ.

ಎಂಬತ್ತರ ದಶಕದ ಕೊನೆ. ನಾನು ಮುಂಬಯಿಯ ಒಂದು ಕನ್ನಡ ಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಹೊಗೆಯಿಂದ ಭೂಮಿ ಬಿಸಿಯಾಗುತ್ತಿದೆ, ಹವೆ ಕೆಡುತ್ತಿದೆ ಎಂದು ಆಗಷ್ಟೇ ಪೇಪರಿನಲ್ಲಿ ಬರತೊಡಗಿತ್ತು. ಓದಿ ಗಾಬರಿಯಾದ ನಾನು ಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತಿದ್ದೆ. ಸ್ವಂತದ ಕಾರಣವೂ ಒಂದಿತ್ತು. ಬೊರಿವಲಿಯಲ್ಲಿ ನಮ್ಮದು ನೆಲಮಹಡಿಯ ಮನೆ. ಕಾಂಪೌಂಡಿನ ಬಾದಾಮಿ ಮರದ ನೆರಳಿಲ್ಲದಿದ್ದರೆ ಏಪ್ರಿಲ್‌ನಲ್ಲಿ ನಾವು ಬೆಂದೇ ಹೋಗುತ್ತಿದ್ದೆವು. ಆದರೆ ಅದರ ಎಲೆಗಳಿಂದ ಗಟಾರ ಕಟ್ಟಿಕೊಳ್ಳುತ್ತದೆಂದು ನಮ್ಮ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ಮರವನ್ನೇ ಕಡಿಸಲು ಪಣ ತೊಟ್ಟಿದ್ದರು. ಅವರಿಗೆ ಭೂಮಿಯ ಕಥೆ ಅರ್ಥವಾದರೆ ನನ್ನ ಮರ ಉಳಿಯುತ್ತದೆ ಎಂಬುದು ನನ್ನ ಲೆಕ್ಕಾಚಾರ.

ಕ್ಲಾಸಿನಲ್ಲಿ

ಮೊದಲು ಮಕ್ಕಳ ಮೇಲೆ ಪ್ರಯೋಗ ಮಾಡಿದೆ.

"ಸೂರ್ಯನ ಶಾಖ ಒಳಗೆ ಬರುತ್ತೆ, ಆಮೇಲೆ ಹೊರಗೆ ಹೋಗಬೇಕು. ಆದರೆ ಹೊಗೆ ಅಡ್ಡ ನಿಂತಿದೆ. ಈಗ ನೀವು ಲೋಕಲ್ ಟ್ರೇನಿನಲ್ಲಿದ್ದೀರಿ, ಬಾಂದ್ರಾದಲ್ಲಿ ಇಳೀಬೇಕು. ಬಾಗಿಲ ತುಂಬ ಜನ. ಇಳಿಯೋಕಾಗುತ್ತಾ?"

"ಇಲ್ರೀ ಸರ್!" ಇಡೀ ಕ್ಲಾಸು ಕೂಗಿತು. ಇಷ್ಟು ಒಳ್ಳೆಯ ಉದಾಹರಣೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲ ಎಂದು ನನಗೆ ಹೆಮ್ಮೆಯೇ ಆಯಿತು.

"ಶಾಖದ ಗತಿಯೂ ಅದೇ. ಈಗ ಹೇಳಿ, ನಾವೇನು ಮಾಡಬೇಕು?"

ಹೊಗೆ ಕಡಿಮೆ ಮಾಡಬೇಕು, ಮರ ಉಳಿಸಬೇಕು ಎನ್ನುತ್ತಾರೆಂದು ಕಾದೆ. ಗುಲ್ಬರ್ಗ ಕಡೆಯ ಒಬ್ಬ ಜಾಣ ಹುಡುಗಿ ಎದ್ದು ನಿಂತಳು.

"ಏನೂ ಮಾಡೂದು ಬ್ಯಾಡ್ರೀ ಸರ್. ಕಡೀ ಸ್ಟೇಶನ್ ಚರ್ಚ್‌ಗೇಟ್ ಬಂದ್ರ ಎಲ್ಲಾರೂ ತಾವ ಇಳಿತಾರ."

ಟೆರೇಸಿನಲ್ಲಿ

ಮೇ ತಿಂಗಳು ಬಂತೆಂದರೆ ನಮ್ಮ ಬಿಲ್ಡಿಂಗಿನ ಹೆಂಗಸರು ಟೆರೇಸಿನ ಮೇಲೆ ಹಳೇ ಸೀರೆ ಹಾಸಿ ಸಂಡಿಗೆ ಇಡುತ್ತಾರೆ. ಒಂದು ಸಂಜೆ ಎದುರುಮನೆಯ ಮೈಸೂರಿನ ಹೆಂಗಸು ಬಂದು ಕೇಳಿದರು.

"ಮೇಷ್ಟ್ರೇ, ಹವಾಮಾನದ ವಿಷ್ಯ ನೀವು ಬಹಳ ಓದ್ಕೊಂಡಿದೀರಂತೆ. ನಾಳೆ ಸಂಡಿಗೆ ಇಡಬಹುದಾ?"

"ನಾಳೆಯದು ನಂಗೆ ಗೊತ್ತಿಲ್ಲಮ್ಮ. ನಾಳೆ ಮಳೆ ಬರುತ್ತಾ ಅನ್ನೋದು ಬೇರೆ, ವರ್ಷಾನುಗಟ್ಟಲೆಯಲ್ಲಿ ಹವೆ ಬದಲಾಗೋದೇ ಬೇರೆ. ಮುಂದಿನ ಮೂವತ್ತು, ನಲವತ್ತು ವರ್ಷದಲ್ಲಿ ಸೆಕೆ ಜಾಸ್ತಿಯಾಗುತ್ತೆ. ನಾನು ಹೇಳ್ತಿರೋದು ಅದು."

ಸೆಕೆ ಜಾಸ್ತಿಯಾಗುತ್ತೆ ಎಂಬಷ್ಟನ್ನು ಮಾತ್ರ ಹಿಡಿದುಕೊಂಡು ಆಕೆ ಹೋದರು. ಮರುದಿನ ಟೆರೇಸಿನ ತುಂಬ ಸಂಡಿಗೆ. ಮಧ್ಯಾಹ್ನ ಎಲ್ಲಿಂದಲೋ ಬಂದ ಮಳೆ ಅದನ್ನೆಲ್ಲ ಮತ್ತೆ ಹಿಟ್ಟು ಮಾಡಿತು. ಇಡೀ ಬಿಲ್ಡಿಂಗು ನನ್ನ ಬಾಗಿಲಿಗೆ ಬಂತು. ನಾನು ಅದೇ ಪಾಠವನ್ನು ಮತ್ತೆ ಮೊದಲಿನಿಂದ ಶುರು ಮಾಡಿದೆ.

"ಬಿಡಿ ಮೇಷ್ಟ್ರೇ," ಎಂದರು ಆಕೆ. "ನಮ್ಮೆಜಮಾನ್ರ ಜಾತಕ ನೋಡಿದವನೂ ಹೀಗೇನೇ. ಮೂವತ್ತು ವರ್ಷದ್ದು ಹೇಳಿದ. ಮಾರನೇ ದಿನ ನೌಕರಿ ಹೋಗುತ್ತೆ ಅಂತ ಹೇಳ್ಲಿಲ್ಲ."

ಸಂಘದಲ್ಲಿ

ನಮ್ಮ ಕಡೆಯ ಕನ್ನಡ ಸಂಘದವರು ಒಂದು ಭಾನುವಾರ ನನ್ನ ಭಾಷಣ ಇಟ್ಟರು. ಮುಂದಿನ ಸಾಲಿನಲ್ಲಿ ನಮ್ಮ ಸೆಕ್ರೆಟರಿ. ಮಂಗಳೂರು ಕಡೆಯವರು, ಬ್ಯಾಂಕ್ ಆಫೀಸರು. ಅವರನ್ನೇ ನೋಡುತ್ತ ಮಾತಾಡಿದೆ. ಕಾರಿನ ಹೊಗೆಯನ್ನು ಬಾಯಿಗೆ ಬಂದಂತೆ ಬೈದೆ. ಮಂಜುಗಡ್ಡೆ ಕರಗುತ್ತದೆ, ಸಮುದ್ರ ಏರುತ್ತದೆ, ಮುಂಬಯಿಯ ತಗ್ಗು ಜಾಗಗಳಿಗೆ ನೀರು ನುಗ್ಗುತ್ತದೆ ಎಂದೆ. ಸೆಕ್ರೆಟರಿಯ ಮುಖದಲ್ಲಿ ಚಿಂತೆ ಕಾಣಿಸಿತು. ನನ್ನ ಮರ ಉಳಿಯಿತು ಅಂದುಕೊಂಡೆ.

ಕೊನೆಯಲ್ಲಿ ಅವರು ಎದ್ದು ನಿಂತರು. "ಸಮುದ್ರ ನಮ್ಮ ಬಿಲ್ಡಿಂಗ್ ಹತ್ತಿರ ಬರ್ಲಿಕ್ಕುಂಟಾ ಮಾಸ್ಟ್ರೆ?"

"ಬಂದರೂ ಬರಬಹುದು," ಎಂದೆ, ಸ್ವಲ್ಪ ಹೆದರಲಿ ಎಂದು.

"ನನ್ನದು ಮೂರನೇ ಮಾಳಿಗೆ ಅಲ್ವಾ? ಹಾಗಾದ್ರೆ ಸೀ-ಫೇಸಿಂಗ್ ಆಯ್ತಲ್ಲ ಮಾರಾಯ್ರೆ! ಆ ಬಾದಾಮಿ ಮರವನ್ನು ಈಗಲೇ ಕಡಿಸ್ಬೇಕು. ಇಲ್ಲದಿದ್ರೆ ವ್ಯೂ ಸಿಗ್ಲಿಕ್ಕಿಲ್ಲ."

ಕಾಂಪೌಂಡಿನಲ್ಲಿ

ಮರ ಕಡಿಯುವವರು ಬರುವ ದಿನವೂ ಗೊತ್ತಾಯಿತು. ನನಗೆ ಊಟ ಸೇರದಾಯಿತು. "ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು. ನಿಮಗ್ಯಾಕೆ ಬೇಕಿತ್ತು ಭಾಷಣ?" ಎಂದಳು ಹೆಂಡತಿ.

ಅಷ್ಟರಲ್ಲಿ, ಎಷ್ಟೋ ಕಾಲದ ಹಿಂದೆ ಬುಕ್ ಮಾಡಿದ್ದ ಸೆಕ್ರೆಟರಿಯ ಹೊಸ ಕಾರು ಬಂತು. ಬಿಸಿಲಿಗೆ ನಿಂತು ಅದರ ಸೀಟು ಕಾದ ಹೆಂಚಾಯಿತು. ಮರುದಿನ ಅವರೇ ನಮ್ಮ ಮನೆಗೆ ಬಂದರು.

"ಮಾಸ್ಟ್ರೆ, ನೀವು ಹೇಳಿದ್ದು ನನಗೆ ಈಗ ಅರ್ಥ ಆಯ್ತು. ಎಂತಹ ಬಿಸಿ! ಕಡಿಯುವವರಿಗೆ ಬರ್ಬೇಡಿ ಅಂದಿದ್ದೇನೆ. ಆ ಮರ ಇರ್ಲಿ, ಅದರ ಅಡಿಯಲ್ಲಿ ಕಾರು ನಿಲ್ಲಿಸ್ತೇನೆ."

ಹೊಗೆ ಬಿಡುವ ಕಾರಿನ ದೆಸೆಯಿಂದ ಮರ ಉಳಿದಿತ್ತು! ಅಳಬೇಕೋ ನಗಬೇಕೋ ತಿಳಿಯದೆ ಕಾಫಿ ಕೊಟ್ಟು ಕಳಿಸಿದೆ.

ಆದರೆ ಮರವೆಂದ ಮೇಲೆ ಕಾಗೆಗಳಿರುತ್ತವೆ. ಕಾರು ಮರದಡಿ ನಿಂತ ಎರಡನೆಯ ಬೆಳಿಗ್ಗೆ ಹಾಲು ತರಲು ಹೊರಟವನು ಕಾರನ್ನು ನೋಡಿ ಬೆವತುಹೋದೆ. ಟಾಪಿನ ಮೇಲೆಲ್ಲ ಬಿಳಿಯ ರಂಗೋಲಿ. ಸೆಕ್ರೆಟರಿ ಇದನ್ನು ಕಂಡರೆ ಕೊಡಲಿ ಮತ್ತೆ ಬರುವುದು ಖಂಡಿತ. ಒಳಗೆ ಓಡಿ ಒದ್ದೆ ಬಟ್ಟೆ ತಂದು ಒರೆಸಿದೆ. ಅಂದಿನಿಂದ ದಿನವೂ ಅವರು ಇಳಿದು ಬರುವ ಮೊದಲೇ ಒರೆಸಿ ಮುಗಿಸುತ್ತಿದ್ದೆ. ವಾಚ್‌ಮನ್ ಒಂದು ದಿನ ಕನಿಕರದಿಂದ, "ಮಾಸ್ಟರ್‌ಜೀ, ಟ್ಯೂಷನ್ ಬಂದ್ ಹೋ ಗಯಾ ಕ್ಯಾ?" ಎಂದು ಕೇಳಿದ. ಟ್ಯೂಷನ್ ನಿಂತುಹೋಗಿ ಹೊಟ್ಟೆಪಾಡಿಗೆ ಕಾರು ಒರೆಸುತ್ತಿದ್ದೇನೆಂದು ಅವನ ಎಣಿಕೆ.

ಕೊನೆಗೊಂದು ಬೆಳಿಗ್ಗೆ ಸೆಕ್ರೆಟರಿ ಬೇಗ ಇಳಿದು ಬಂದರು. ನನ್ನ ಕೈಯಲ್ಲಿ ಬಟ್ಟೆ. ಅವರು ಬಟ್ಟೆಯನ್ನೂ ಕಾರನ್ನೂ ನೋಡಿ ಹತ್ತಿರ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಸಂಘದಲ್ಲಿ ಕಾರಿಗೆ ಅಷ್ಟು ಬೈದ್ರಿ. ಒಳಗೆ ನಿಮಗೂ ಕಾರಿನ ಮೇಲೆ ಆಸೆ ಉಂಟಲ್ವಾ ಮಾಸ್ಟ್ರೆ?"

ತಲೆಯೆತ್ತಿ ಮರ ನೋಡಿದೆ. ಕೊಂಬೆಯ ಮೇಲೆ ಕಾಗೆ ಕಾದು ಕೂತಿತ್ತು. "ಹೌದು, ಉಂಟು," ಎಂದೆ.

"ಹಾಗಾದ್ರೆ ನಾಚಿಕೆ ಎಂತದ್ದು?" ಎಂದು ಅವರು ಕಾರು ಸ್ಟಾರ್ಟ್ ಮಾಡಿ, ಹೊಗೆಯನ್ನೆಲ್ಲ ನಮ್ಮ ಅಡುಗೆಮನೆಯ ಕಿಟಕಿಗೆ ಬಿಟ್ಟು, ಗಾಜು ಇಳಿಸಿ ಹೇಳಿದರು. "ನಾಳೆಯಿಂದ ಒಳಗೂ ಸ್ವಲ್ಪ ಒರೆಸಿ."