ಭಾವನ ಕಂಪನಿಯ ಆಷಾಢ

ಪ್ರಪಂಚದಲ್ಲಿ ಹಪ್ಪಳದ ಕಂಪನಿ ಇದೆ, ಚಪ್ಪಲಿಯ ಕಂಪನಿ ಇದೆ. ಅಳುವಿನ ಕಂಪನಿ ನಡೆಸುವವರನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು, ಅವರ ಮನೆಯಲ್ಲಿ ವರ್ಷಕ್ಕೆ ನಾಲ್ಕು ಸಲ ಉಂಡು, ಡಬ್ಬಿಗೆ ಚಟ್ನಿಪುಡಿ ತುಂಬಿಸಿಕೊಂಡು ಬರುತ್ತೇನೆ. ಅವರು ನನ್ನ ಅಕ್ಕನ ಗಂಡ. ತುಮಕೂರು ಕಡೆಯವರು, ಈಗ ಸ್ವೀಡನ್ನಿನ ಸ್ಯಾಂಡ್‌ವಿಕೆನ್ನಿನಲ್ಲಿ ಎಂಜಿನಿಯರು. ಹಗಲೆಲ್ಲ ಉಕ್ಕು ಕೊರೆಯುವ ಹತಾರಗಳ ಸಹವಾಸ. ಶನಿವಾರ, ಭಾನುವಾರ ಮತ್ತು ಉಳಿದ ಸಂಜೆಗಳಲ್ಲಿ ಅವರು ಒಂದು ರೆಕಾರ್ಡ್ ಕಂಪನಿಯ ಮಾಲೀಕರು, ಗುಮಾಸ್ತರು ಮತ್ತು ಜವಾನರು.

ಕಂಪನಿಗೆ ಊರಿನ ಮನೆಯಲ್ಲಿದ್ದ ಎಮ್ಮೆಯ ಹೆಸರಿಟ್ಟಿದ್ದಾರೆ. ಆ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿಕೊಂಡು ಹೋಗಿ ಒಂದು ರೆಕಾರ್ಡ್ ತರಿಸುತ್ತೀರಿ, ಆಮೇಲೆ ಅವರು ನಿಮಗೂ ಫೋನ್ ಮಾಡುತ್ತಾರೆ!

ಅವರು ಹೊರತರುವುದು ಅಮೆರಿಕದ ಹಳ್ಳಿಗಾಡಿನ ಹಾಡುಗಳ ಜಾತಿಯ ಸಂಗೀತ. ದೊಡ್ಡ ಟೋಪಿ, ಮಿರುಗುವ ಬೂಟು ಹಾಕಿಕೊಂಡು ಕ್ರೀಡಾಂಗಣ ತುಂಬಿಸುವವರದಲ್ಲ. ಅವರ ಬಡ ದಾಯಾದಿಗಳದು. ಒಂದು ಗಿಟಾರು, ಒಂದು ಪಿಟೀಲು, ಗಂಟಲಲ್ಲಿ ಸ್ವಲ್ಪ ಮರಳು. ಹಾಡಿನಲ್ಲಿ ಹೆಂಡತಿ ಬಿಟ್ಟುಹೋಗಿರುತ್ತಾಳೆ, ಇಲ್ಲವೇ ನಾಯಿ ಸತ್ತಿರುತ್ತದೆ. ಎರಡೂ ಆಗಿದ್ದರೆ ಭಾವನಿಗೆ ಬಹಳ ಇಷ್ಟ. ಇದನ್ನು ಹಾಡುವ ಸ್ವೀಡನ್ನಿನ ಲಾರಿ ಚಾಲಕರು, ದಾದಿಯರು, ಬಡಗಿಗಳನ್ನು ಅವರು ಎಲ್ಲಿಂದಲೋ ಹುಡುಕಿ ತರುತ್ತಾರೆ. “ಇದೆಲ್ಲ ನಮ್ಮಜ್ಜಿ ರಾಗಿ ಬೀಸುವಾಗ ಹೇಳ್ತಿದ್ದ ಪದಗಳೇ ಕಣಮ್ಮ. ಬೀಸೋಕಲ್ಲು ಕಿತ್ಕೊಂಡು ಕೈಗೆ ಗಿಟಾರ್ ಕೊಟ್ಟಿದಾರೆ ಅಷ್ಟೆ” ಎನ್ನುವುದು ಅವರ ಸಿದ್ಧಾಂತ. ಅಕ್ಕನ ಸಿದ್ಧಾಂತ ಬೇರೆ. “ಚಳಿಗಾಲದಲ್ಲಿ ಮೂರು ಗಂಟೆಗೆ ಕತ್ಲಾಗತ್ತೆ. ಅದರ ಮೇಲೆ ಇವರ ಹಾಡು. ನಾನು ಒಗ್ಗರಣೆ ಹಾಕ್ಕೊಂಡು ಹೆಂಗೋ ಬದುಕಿದೀನಿ.”

ಆ ಫೋನಿನ ವಿಷಯ ಹೇಳಬೇಕು. ಒಂದು ರೆಕಾರ್ಡ್ ಹೋಯಿತೆಂದರೆ ವಾರದೊಳಗೆ ಕೊಂಡವರಿಗೆ ಭಾವನಿಂದ ಕರೆ. ರೆಕಾರ್ಡ್ ತಲುಪಿತಾ, ಗೀರು ಬಿದ್ದಿಲ್ಲ ತಾನೆ, ಊಟ ಆಯಿತಾ? ಎದುರು ಮನೆಯವರ ಕದ ತಟ್ಟುವುದಕ್ಕೂ ಮೊದಲು ಮೆಸೇಜು ಕಳಿಸುವ ದೇಶದಲ್ಲಿ, ಗುರುತಿಲ್ಲದವನೊಬ್ಬ ಫೋನ್ ಮಾಡಿ ಊಟ ಆಯಿತಾ ಎಂದರೆ ಜನ ಏನೆಂದುಕೊಳ್ಳಬೇಕು? ಎಸ್ಕಿಲ್‌ಸ್ಟುನಾದ ಒಬ್ಬ ಮುದುಕರು, ಇದು ವಯಸ್ಸಾದವರನ್ನು ವಿಚಾರಿಸಿಕೊಳ್ಳಲು ಪುರಸಭೆಯವರು ಮಾಡಿದ ಕರೆ ಎಂದೇ ತಿಳಿದು, ಮೂರು ದಿನದಿಂದ ಬರೀ ಬ್ರೆಡ್ಡು ತಿನ್ನುತ್ತಿದ್ದೇನೆ, ಯಾರನ್ನಾದರೂ ಕಳಿಸಿ ಎಂದರಂತೆ. ಶನಿವಾರ ಭಾವ ಬಿಸಿಬೇಳೆಬಾತಿನ ಡಬ್ಬಿ ಹಿಡಿದು ರೈಲು ಹತ್ತಿದರು. ಮುದುಕರು ಎರಡು ಚಮಚ ತಿಂದು, ಕಣ್ಣು ಮೂಗು ಒರೆಸಿಕೊಂಡು, ನಿಮ್ಮ ರೆಕಾರ್ಡೂ ನನ್ನನ್ನು ಇಷ್ಟು ಅಳಿಸಿರಲಿಲ್ಲ ಎಂದರಂತೆ.

ರೆಕಾರ್ಡಿಂಗ್ ಸ್ಟುಡಿಯೋ ಎಲ್ಲಿ ಎನ್ನುತ್ತೀರಾ? ಅವರ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಎಲ್ಲರೂ ಬಟ್ಟೆ ಒಗೆಯುವ ಕೋಣೆಯಲ್ಲಿ. ಗೋಡೆಗೆಲ್ಲ ಟೈಲ್ಸ್ ಇರುವುದರಿಂದ ಅಲ್ಲಿ ದನಿ ತುಂಬಿಕೊಂಡು ಬರುತ್ತದೆಯಂತೆ. ಪ್ರತಿ ಮನೆಗೂ ಒಗೆಯಲು ಮೂರು ಗಂಟೆಯ ಪಾಳಿ, ಫಲಕದ ಮೇಲೆ ಮೊದಲೇ ಗುರುತು ಹಾಕಬೇಕು. ಭಾವ ಗುರುತು ಹಾಕಿ, ಒಗೆಯುವ ಬಟ್ಟೆಯ ಬದಲು ಗಾಯಕರನ್ನು ಕರೆದುಕೊಂಡು ಇಳಿಯುತ್ತಿದ್ದರು. ಅಕ್ಕನ ಸೀರೆಗಳು ಸ್ನಾನದ ಮನೆಯ ಬಕೆಟ್ಟಿನಲ್ಲಿ ಒಗೆಸಿಕೊಂಡವು.

ಸ್ವೀಡನ್ನಿನಲ್ಲಿ ಬೇರೆ ಯಾವ ತಪ್ಪಿಗಾದರೂ ಕ್ಷಮೆ ಇದ್ದೀತು, ಇನ್ನೊಬ್ಬರ ಒಗೆಯುವ ಪಾಳಿಯನ್ನು ನುಂಗಿದರೆ ಇಲ್ಲ. ಒಂದು ದಿನ ಗಡ್ಡದ ಬಸ್ ಚಾಲಕನೊಬ್ಬನ ಹಾಡು ಇಪ್ಪತ್ತು ನಿಮಿಷ ಹೆಚ್ಚು ಹಿಡಿಯಿತು. ಬಾಗಿಲು ತೆರೆಯಿತು. ಬಟ್ಟೆಬುಟ್ಟಿ ಸೊಂಟಕ್ಕಿಟ್ಟುಕೊಂಡು ಮೂರನೆಯ ಮಹಡಿಯ ಗುನ್ವೋರ್ ನಿಂತಿದ್ದರು. ಎಪ್ಪತ್ತು ದಾಟಿದ ಹೆಂಗಸು, ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನು ನಡೆಸಿ ನಿವೃತ್ತರಾದವರು. ಭಾವ ಕ್ಷಮಾಪಣೆಯ ಸ್ವೀಡಿಷ್ ವಾಕ್ಯಗಳನ್ನು ಜೋಡಿಸಿಕೊಳ್ಳುತ್ತಿದ್ದಾಗ ಆಕೆ ಬಸ್ ಚಾಲಕನಿಗೆ ಹೇಳಿದರಂತೆ: “ಹಾಡಿನಲ್ಲಿ ನಿನ್ನ ಹೆಂಡತಿ ಬಿಟ್ಟುಹೋಗಿದ್ದಾಳೆ. ನೀನು ಹಾಡೋದು ಕೇಳಿದರೆ ಅವಳು ಹಾಲು ತರೋಕೆ ಹೋದ ಹಾಗಿದೆ.” ಬುಟ್ಟಿ ಕೆಳಗಿಟ್ಟು ಅದೇ ಹಾಡನ್ನು ತಾವು ಹಾಡಿದರು. ಬಸ್ ಚಾಲಕ ಅತ್ತ. ಭಾವನನ್ನಂತೂ ಕೇಳಬೇಡಿ.

ಆಕೆ ಎಲ್ಲೂ ಕಲಿತವರಲ್ಲ. ಮೂವತ್ತು ವರ್ಷ ಕ್ರೇನಿನ ಗೂಡಿನಲ್ಲಿ ಕೂತು ಹಾಡಿದ್ದಾರೆ. ಕೆಳಗೆ ಉಕ್ಕಿನ ಗದ್ದಲ, ಮೇಲೆ ಇವರ ಹಾಡು. ಒಬ್ಬರಿಗೂ ಕೇಳಿಸಿಲ್ಲ. “ಕೇಳಿಸಲ್ಲ ಅಂತಲೇ ಹಾಡ್ತಿದ್ದೆ” ಎಂದಿದ್ದರಂತೆ ಮೊದಲು. ಭಾವನ ಪಾಳಿಯಲ್ಲಿ ಹನ್ನೊಂದು ಗುರುವಾರ ರೆಕಾರ್ಡಿಗೆಂದು ಹಾಡಿದ ಮೇಲೆ ಮಾತು ಬದಲಾಯಿತು. ಕಾಫಿಯ ಹೊತ್ತಿನಲ್ಲಿ ಅಕ್ಕನ ಕೋಡುಬಳೆ ಮುರಿಯುತ್ತ, “ನನ್ನ ಮುಖ ಇರೋ ರೆಕಾರ್ಡ್ ಒಂದು ಸಲ ಕೈಯಲ್ಲಿ ಹಿಡೀಬೇಕು. ಆಮೇಲೆ ಯಾರು ಕೇಳಿದರೂ ಬಿಟ್ಟರೂ ಸರಿ” ಎಂದು ನನ್ನೆದುರೇ ಹೇಳಿದರು. ಆಕೆಯ ಹೃದಯ ಆಗಲೇ ದುರ್ಬಲವಾಗಿತ್ತು. ಮೆಟ್ಟಿಲು ಹತ್ತುವಾಗ ಪ್ರತಿ ಮಹಡಿಯಲ್ಲೂ ನಿಂತು, ಕಿಟಕಿಯಾಚೆ ನೋಡುವವರ ಹಾಗೆ ನಟಿಸುತ್ತಿದ್ದರು.

ಈಗ ಭಾವನ ಇನ್ನೊಂದು ಹುಚ್ಚನ್ನು ಹೇಳಬೇಕು. ಭಾವ ದೇವರಿಗೆ ಕೈಮುಗಿದದ್ದನ್ನು ನಾನು ನೋಡಿಲ್ಲ. ಏಕಾದಶಿಯ ದಿನ ಮೀನು ತಿಂದದ್ದನ್ನು ನೋಡಿದ್ದೇನೆ. ಇಂಥವರು, ರೆಕಾರ್ಡ್ ಬಿಡುಗಡೆಗೆ ಮಾತ್ರ ಪಂಚಾಂಗ ತೆಗೆಯುತ್ತಾರೆ! ಆಷಾಢದಲ್ಲಿ ಪೆಟ್ಟಿಗೆಯನ್ನೇ ಒಡೆಯುವುದಿಲ್ಲ. ಶುಭ ಕೆಲಸಕ್ಕೆ ಆಗದ ತಿಂಗಳು ಎಂದು ಅವರಮ್ಮ ಹೇಳಿದ್ದರಂತೆ. ಸಂಗೀತ ಅಮೆರಿಕದ್ದು, ಕಂಠ ಸ್ವೀಡನ್ನಿನದು, ಮುಹೂರ್ತ ತುಮಕೂರಿನದು ಎಂದು ನಾನು ಹಬ್ಬಕ್ಕೆ ಸೇರಿದವರ ಮುಂದೆಲ್ಲ ಹೇಳಿ ನಗಿಸಿದ್ದೇನೆ. ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಜುಲೈ ಬಂದರೆ ಇಡೀ ಸ್ವೀಡನ್ನಿಗೇ ಆಷಾಢ. ಅಂಗಡಿಗೆ ಬೀಗ, ಕಚೇರಿಗೆ ಬೀಗ, ಜನರೆಲ್ಲ ಕೆರೆದಂಡೆಯ ಮರದ ಮನೆಗಳಲ್ಲಿ. ಭಾವ ಪಂಚಾಂಗ ನೋಡಿ ಕಾಯುತ್ತಿದ್ದಾರೆಂದು ಯಾರಿಗೂ ಅನ್ನಿಸಿಯೇ ಇರಲಿಲ್ಲ.

ಗುನ್ವೋರ್ ಅವರ ರೆಕಾರ್ಡ್ ಅಚ್ಚಾಗಿ ಬಂದದ್ದು ಆಷಾಢ ಶುರುವಾದ ಎರಡನೆಯ ದಿನ. ಆರು ರಟ್ಟಿನ ಪೆಟ್ಟಿಗೆಗಳು ನೆಲಮಾಳಿಗೆಯ ಉಗ್ರಾಣ ಸೇರಿದವು. ಭಾವ ಆಕೆಗೆ ವಿಷಯ ಹೇಳಿದರು, ಒಳ್ಳೆಯ ದಿನ ನೋಡಿ ಕೈಗೆ ಕೊಡುತ್ತೇನೆ ಎಂದರು. ಅದಕ್ಕೆ ಆಕೆ ನಕ್ಕುಬಿಟ್ಟರಂತೆ. ನೀವು ಯಾವ ದಿನ ಅಂದರೆ ಆ ದಿನ, ಮೇಲೆ ಕೂತು ಕಾಯುವುದು ನನಗೆ ಅಭ್ಯಾಸ ಎಂದರಂತೆ.

ಮೂರನೆಯ ವಾರ ಆಕೆಯನ್ನು ಆಸ್ಪತ್ರೆಗೆ ಸೇರಿಸಿದರು. ಅವತ್ತು ಬೆಳಿಗ್ಗೆ ಭಾವ ನನಗೆ ಫೋನ್ ಮಾಡಿ ವಿಷಯ ತಿಳಿಸಿದರು. ನಾನಿರುವ ಸುಂಡ್‌ಬೀಬರ್ಗ್‌ನ ನಿಲ್ದಾಣದಲ್ಲಿ ಆಫೀಸಿನ ರೈಲಿಗೆ ಕಾಯುತ್ತಿದ್ದೆ.

“ಒಂದು ಮಾತು ಕೇಳ್ಬೇಕಿತ್ತು ಕಣಮ್ಮ. ಒಂದೇ ಒಂದು ಕಾಪಿ ತೆಗೆದು ಅವರಿಗೆ ಕೊಟ್ಬಿಡ್ಲಾ? ನಿಮ್ಮಕ್ಕ ಏನೂ ಹೇಳ್ತಿಲ್ಲ, ನಿಮ್ಮಿಷ್ಟ ಅಂತಾಳೆ.”

“ಆಷಾಢ ಮುಗಿಯೋಕೆ ಇನ್ನೆಷ್ಟು ದಿನ ಭಾವ?”

“ಒಂಬತ್ತು.”

“ಒಂಬತ್ತು ದಿನ ತಾನೆ? ಕಾಯಿರಿ. ನಿಮ್ಮ ರೂಲ್ಸ್ ನೀವೇ ಮುರಿದ್ರೆ ನಾನು ಇನ್ಯಾರನ್ನ ತಮಾಷೆ ಮಾಡ್ಲಿ?”

ಅವರು ನಕ್ಕರು. “ಅದೂ ಸರೀನೇ ಬಿಡು. ಅವರಿಗೆ ಒಳ್ಳೇದಾಗೋದು ಮುಖ್ಯ” ಎಂದು ಫೋನ್ ಇಟ್ಟರು. ನನ್ನ ರೈಲು ಬಂತು. ಆಫೀಸಿನಲ್ಲಿ ಇಬ್ಬರಿಗೆ ಈ ಕತೆ ಹೇಳಿ ನಗಿಸಿದೆ ಕೂಡ.

ಐದನೆಯ ದಿನ ಗುನ್ವೋರ್ ತೀರಿಕೊಂಡರು.

ಅಕ್ಕ ಹೇಳಿದಳು, ಭಾವ ಅವತ್ತು ನೆಲಮಾಳಿಗೆಗೆ ಹೋಗಿ ಪೆಟ್ಟಿಗೆಗಳ ಮುಂದೆ ನೆಲದ ಮೇಲೆ ಕೂತವರು ಊಟಕ್ಕೂ ಮೇಲೆ ಬರಲಿಲ್ಲವಂತೆ. ಮೂರು ಮಹಡಿ ಹತ್ತಿದ್ದರೆ ಮುಗಿಯುತ್ತಿತ್ತು. ಒಂದು ಪೆಟ್ಟಿಗೆಯ ಟೇಪು ಕಿತ್ತಿದ್ದರೆ ಮುಗಿಯುತ್ತಿತ್ತು. ನಾನು ಫೋನ್ ಮಾಡಿದಾಗ ಊಟ ಆಯ್ತಾ ಎಂದು ಕೇಳಿದರು.

ಇಲ್ಲಿ ಸತ್ತವರನ್ನು ಕಳಿಸಿಕೊಡುವುದಕ್ಕೂ ಅವಸರವಿಲ್ಲ. ವಾರಗಟ್ಟಲೆ ಕಾಯುತ್ತಾರೆ. ಅಂತ್ಯಕ್ರಿಯೆಯ ಹೊತ್ತಿಗೆ ಶ್ರಾವಣ ಬಂದಿತ್ತು. ಭಾವನ ಪಂಚಾಂಗದ ಪ್ರಕಾರ ಒಳ್ಳೆಯ ದಿನ. ನಾನೂ ಹೋದೆ. ಚರ್ಚಿನಲ್ಲಿ ಹದಿನೈದು ಜನ ಇದ್ದಿರಬಹುದು. ಆಕೆಯ ಹಾಡೊಂದನ್ನು ಹಾಕಿದರು. ಆ ಸದ್ದಿಲ್ಲದ ಜಾಗದಲ್ಲಿ ಗುನ್ವೋರ್ ಅವರ ದನಿ ಕೊನೆಯ ಬೆಂಚಿನವರೆಗೂ ಸ್ಪಷ್ಟವಾಗಿ ಬಂತು. ನಾನು ಭಾವನ ಹುಚ್ಚಿನ ಬಗ್ಗೆ ಎಷ್ಟೋ ನಕ್ಕಿದ್ದೇನೆ, ಆದರೆ ಅವರ ರೆಕಾರ್ಡಿನ ಹಾಡೊಂದನ್ನು ಮೊದಲಿಂದ ಕೊನೆಯವರೆಗೆ ಕೂತು ಕೇಳಿದ್ದು ಅದೇ ಮೊದಲು. ಎಂಥ ಕಂಠ ಅದು! ಅಳು ತಡೆಯಲಾಗಲಿಲ್ಲ.

ಆಮೇಲೆ ಪಕ್ಕದ ಕೋಣೆಯಲ್ಲಿ ಕಾಫಿ ಕೊಟ್ಟರು. ಗುನ್ವೋರ್ ಅವರ ಮಗಳು ಮಾಲ್ಮೊದಿಂದ ಬಂದಿದ್ದರು. ಭಾವ ಎರಡೂ ಕೈಯಲ್ಲಿ ಹಿಡಿದು ಕೊಟ್ಟ ರೆಕಾರ್ಡನ್ನು ಅವರು ತುಂಬ ಹೊತ್ತು ನೋಡಿದರು. ಅಮ್ಮನ ಮುಖದ ಮೇಲೆ ಹೆಬ್ಬೆರಳು ಆಡಿಸಿದರು.

“ಅಮ್ಮ ಇದನ್ನ ನೋಡಿದ್ದಳಾ?” ಎಂದು ಸ್ವೀಡಿಷ್‌ನಲ್ಲಿ ಕೇಳಿದರು.

“ಇಲ್ಲ” ಎಂದರು ಭಾವ. “ಇದು ಬಂದು ಮೂರು ವಾರ ನನ್ನ ಹತ್ತಿರವೇ ಇತ್ತು. ನಮ್ಮ ಕಡೆ ಆ ತಿಂಗಳು ಒಳ್ಳೆಯ ಕೆಲಸ ಶುರು ಮಾಡಲ್ಲ. ಅವರಿಗೆ ಒಳ್ಳೆಯದಾಗಲಿ ಅಂತ ಕಾದೆ. ತಪ್ಪು ಮಾಡಿದೆ.”

ಆ ಮಗಳು ಜೋರು ಮಾಡಲಿಲ್ಲ. ಅರ್ಥಮಾಡಿಕೊಳ್ಳಲು ನೋಡುತ್ತಿದ್ದರು. “ಕೊಟ್ಟುಬಿಡಲಾ ಅಂತ ಯಾರನ್ನಾದರೂ ಕೇಳಬಹುದಿತ್ತಲ್ಲ” ಎಂದರು.

ನಾನು ಭಾವನ ಪಕ್ಕದಲ್ಲೇ, ಕಾಫಿಯ ಬಟ್ಟಲು ಹಿಡಿದು ನಿಂತಿದ್ದೆ. ಅವರು ನನ್ನ ಕಡೆ ತಿರುಗಲಿಲ್ಲ.

“ಇಲ್ಲ, ಯಾರನ್ನೂ ಕೇಳಲಿಲ್ಲ” ಎಂದರು. “ನಾನೊಬ್ಬನೇ ತೀರ್ಮಾನ ಮಾಡಿದ್ದು.”

ಹಬ್ಬಹಬ್ಬಕ್ಕೂ ಇವರನ್ನು ಆಡಿಕೊಂಡು ಊರನ್ನೆಲ್ಲ ನಗಿಸುತ್ತಿದ್ದ ನನ್ನ ಬಾಯಿಂದ ಅವತ್ತು ಒಂದು ಮಾತೂ ಹೊರಡಲಿಲ್ಲ. ನಾಚಿಕೆಯಾಗುತ್ತದೆ. ಆ ಮಗಳಿಗೆ ಕನ್ನಡ ಬಾರದು, ಇದನ್ನು ಓದುವುದೂ ಇಲ್ಲ. ಆದರೂ ಬರೆಯುತ್ತೇನೆ: ಭಾವ ಕೇಳಿದ್ದರು. ನನ್ನನ್ನು ಕೇಳಿದ್ದರು.