ಸೋದರಮಾವನ ತೊರಕೆ

ಬೈಲಹೊಂಗಲದಲ್ಲಿ ಸಮುದ್ರವಿಲ್ಲ. ಈ ಸಂಗತಿಯನ್ನು ನನ್ನ ಸೋದರಮಾವನಿಗೆ ಇದುವರೆಗೆ ಯಾರೂ ತಿಳಿಸಿದಂತೆ ಕಾಣುವುದಿಲ್ಲ. ತಿಳಿಸಿದ್ದರೂ ಅವನು ಸುಮ್ಮನೆ ಒಪ್ಪುವ ಪೈಕಿ ಅಲ್ಲ. ‘ಪುರಾವೆ ಏನೈತಿ?’ ಎಂದು ಕೇಳಿ, ಸಮುದ್ರ ಇಲ್ಲವೆಂದು ತೋರಿಸಲು ನಿಮ್ಮನ್ನೇ ಊರ ಸುತ್ತ ತಿರುಗಲು ಹಚ್ಚುತ್ತಿದ್ದ!

ಆಯಿಯ ಮನೆ, ಅಂದರೆ ಅಜ್ಜಿಯ ಮನೆ, ನನ್ನ ತಾಯಿಯ ತವರು, ಜೋಳ ಹತ್ತಿ ಬೆಳೆಯುವ ಎರೆಹೊಲದ ಮನೆತನ. ಕೊರಳಲ್ಲಿ ಲಿಂಗ, ಹಣೆಯ ಮೇಲೆ ವಿಭೂತಿ. ಆ ಮನೆಯಲ್ಲಿ ಮೀನು ಎಂಬುದು ಪಂಚಾಂಗದ ರಾಶಿಚಿತ್ರದಲ್ಲಿ ಮಾತ್ರ ಇದ್ದ ಪ್ರಾಣಿ. ಆ ಪುಟವನ್ನೂ ಆಯಿ ನೋಡಿಯೂ ನೋಡದ ಹಾಗೆ ತಿರುವಿಬಿಡುತ್ತಿದ್ದಳು. ಇಂಥ ಮನೆಯ ಕೊನೆಯ ಮಗ ಧಾರವಾಡದಲ್ಲಿ ಬಿಎಸ್ಸಿ ಮುಗಿಸಿದವನು, ಊರಿಗೆ ಬಂದು ಹೊಲ ನೋಡಿಕೊಳ್ಳುವುದು ಬಿಟ್ಟು, ಕಾರವಾರದ ಕಡೆ ಒಂದು ಸಂಶೋಧನಾ ಕೇಂದ್ರ ಸೇರಿ ತೊರಕೆ ಎಂಬ ಮೀನಿನ ಬೆನ್ನು ಹತ್ತಿದ. ತೊಂಬತ್ತರ ದಶಕದ ಮೊದಲ ವರ್ಷಗಳವು. ಊರ ಹುಡುಗರು ಬೇರೆ ಏನೇನೋ ಬೆನ್ನು ಹತ್ತಿ ಕೆಟ್ಟಿದ್ದರು, ನಿಜ. ಮೀನಿನ ಬೆನ್ನು ಹತ್ತಿ ಕೆಟ್ಟವನು ಇವನೊಬ್ಬನೇ.

ತೊರಕೆ ಕಾಣದವರಿಗಾಗಿ ಹೇಳುತ್ತೇನೆ. ಒಂದು ದೊಡ್ಡ ಜೋಳದ ರೊಟ್ಟಿಗೆ ಬಾರಕೋಲಿನಂಥ ಬಾಲ ಹಚ್ಚಿ, ಕಡಲ ತಳದ ಉಸುಕಿನ ಮೇಲೆ ಹಾಸಿಬಿಡಿ. ಅದೇ ತೊರಕೆ. ಕಣ್ಣು ಮೇಲೆ, ಬಾಯಿ ಕೆಳಗೆ. ಮಾಡುವ ಹೊತ್ತಿನಲ್ಲಿ ದೇವರನ್ನು ಯಾರೋ ಮಾತಿಗೆ ಎಳೆದಿರಬೇಕು! ಅದರಲ್ಲೂ ದಂಡೆಯ ಸಮೀಪವೇ ಬದುಕುವ ಒಂದು ಜಾತಿ ವರ್ಷ ವರ್ಷಕ್ಕೆ ಕಡಿಮೆಯಾಗುತ್ತ ನಡೆದಿತ್ತು. ಅದು ಪೂರ್ತಿ ಇಲ್ಲವಾಗಬಾರದು, ಹೊಟ್ಟೆಯಲ್ಲಿ ಮರಿ ಇದ್ದದ್ದು ಬಲೆಗೆ ಬಿದ್ದರೆ ಮೀನುಗಾರರು ಅದನ್ನು ತಿರುಗಿ ನೀರಿಗೆ ಬಿಡಬೇಕು. ಇಷ್ಟೇ ಮಾವನ ಜೀವನದ ಆಸೆ. ಒಂದು ಕಾರು, ಒಂದು ಮನೆ, ಒಂದು ಬೋರು ಎಂದು ಆಸೆಪಡುವ ನಮ್ಮವರಿಗೆ ಇದು ಆಸೆ ಎಂದೇ ಅನ್ನಿಸಲಿಲ್ಲ.

ಆಯಿಗಂತೂ ಇದು ಕುಲಕ್ಕೆ ಬಂದ ಕುತ್ತು. ಮಾವ ರಜೆಗೆ ಬಂದರೆ ಹೊಸ್ತಿಲ ಹೊರಗೆ ಒಂದು ಹಂಡೆ ಬಿಸಿನೀರು, ಸೀಗೆಪುಡಿ ಕಾಯುತ್ತಿದ್ದವು. ಮಿಂದು, ವಿಭೂತಿ ಬಳಿದುಕೊಂಡು, ಮಠದ ಸ್ವಾಮಿಗಳ ಕಳೆಯಲ್ಲಿ ನಿಂತರೂ ಆಯಿ ದೂರದಿಂದಲೇ ಮೂಗು ಅರಳಿಸಿ, ವಾಸನೆ ಹೋಗಿಲ್ಲ ಎಂದು ತೀರ್ಪು ಕೊಡುತ್ತಿದ್ದಳು. ಅವನ ಊಟ ಪಡಸಾಲೆಯಲ್ಲಿ, ಬೇರೆ ತಾಟಿನಲ್ಲಿ. ಅಡುಗೆಮನೆಯ ಒಳಗೆ, ಒಲೆಯ ಮುಂದೆ ಕೂತು ಬಿಸಿ ರೊಟ್ಟಿ ಉಣ್ಣುವ ಹಕ್ಕು ಮನೆಯ ಎಲ್ಲರಿಗೂ ಇತ್ತು, ಬೆಕ್ಕಿಗೂ ಇತ್ತು. ಮಾವನಿಗೆ ಇರಲಿಲ್ಲ. ಬೆಕ್ಕು ಏನೇನು ತಿಂದು ಬರುತ್ತಿತ್ತೋ ಯಾರು ಬಲ್ಲರು? ಮಾವನಾದರೋ ಹುಟ್ಟಿದಾಗಿನಿಂದ ಮೀನಿನ ಚೂರನ್ನೂ ಬಾಯಿಗೆ ಹಾಕಿದವನಲ್ಲ! ಅವನು ಉಣ್ಣುವಾಗ ಪಡಸಾಲೆಯಲ್ಲಿ ಯಾವಾಗಲೂ ಅಡುಗೆಮನೆಯ ಬಾಗಿಲಿನ ಕಡೆಗೇ ಮುಖ ಮಾಡಿ ಕೂಡುತ್ತಿದ್ದ.

ಅತ್ತ ಕಡಲ ದಂಡೆಯಲ್ಲೂ ಬೇರೆ ಪಾಡಿರಲಿಲ್ಲ. ದಿನವಿಡೀ ಮೀನಿನ ಬಾಯಿ ಬಾಲ ಅಳೆದು, ಮಧ್ಯಾಹ್ನ ಬುತ್ತಿ ಬಿಚ್ಚಿ ಖಡಕ್ ರೊಟ್ಟಿ, ಶೇಂಗಾಚಟ್ನಿ ತಿನ್ನುವ ಈ ಮನುಷ್ಯನನ್ನು ಮೀನುಗಾರರು ಮರುಕದಿಂದ ನೋಡುತ್ತಿದ್ದರಂತೆ. ತಿನ್ನುವ ನಮಗೇ ಇಲ್ಲದ ಚಿಂತೆ ತಿನ್ನದ ನಿಮಗೇಕೆ ಎಂದು ಒಬ್ಬ ಕೇಳಿದನಂತೆ. ಮನೆಯವರಿಗೆ ಮೀನಿನವನು, ಮೀನಿನವರಿಗೆ ರೊಟ್ಟಿಯವನು. ಎರಡೂ ಕಡೆ ಹೊರಗಿನ ತಾಟು.

ಪುರಾವೆಯ ಹುಚ್ಚು ಬೇರೆ. ‘ಚಹಾಕ್ಕ ಸಕ್ಕರಿ ಹಾಕೇನಿ’ ಎಂದರೆ ಕುಡಿದು ನೋಡುವ ತನಕ ಹೂಂ ಎನ್ನುತ್ತಿರಲಿಲ್ಲ. ಮುನವಳ್ಳಿಯ ಜೋತಿಷಿ ಇವನ ಜಾತಕ ನೋಡಿ ಮಂಗಳ ಅಡ್ಡ ಇದ್ದಾನೆ ಎಂದಾಗ, ಎಷ್ಟು ಜಾತಕ ನೋಡಿದ್ದೀರಿ, ಎಷ್ಟು ನಿಜವಾದವು, ಸುಳ್ಳಾದವನ್ನು ಎಲ್ಲಿ ಇಟ್ಟಿದ್ದೀರಿ ಎಂದು ವಿಚಾರಣೆಗೆ ಹತ್ತಿದ. ಪಾಪ, ಆ ಮನುಷ್ಯ ದಕ್ಷಿಣೆಯನ್ನೂ ಬಿಟ್ಟು ಎದ್ದು ಹೋದ. ಮಂಗಳನೂ ಅವನ ಹಿಂದೆಯೇ ಹೋಗಿರಬೇಕು, ಆಮೇಲೆ ಸುದ್ದಿಯಿಲ್ಲ.

ಇಂಥವನಿಗೆ ಹೆಣ್ಣು ಯಾರು ಕೊಟ್ಟಾರು? ನಮ್ಮ ಅಕ್ಕನನ್ನೇ ಕೊಟ್ಟು ಮನೆಯೊಳಗೇ ಮುಗಿಸಿಬಿಡುವ ಮಾತು ಒಮ್ಮೆ ಎದ್ದಿತ್ತು. ಅಕ್ಕ ಊಟ ಬಿಟ್ಟು ಮೂಲೆ ಹಿಡಿದಳು. ಕೊನೆಗೆ ರಾಮದುರ್ಗದಲ್ಲಿ ಒಂದು ಹೆಣ್ಣು ನೋಡಲು ಹೋದೆವು. ದಾರಿಯುದ್ದಕ್ಕೂ ನಮ್ಮವ್ವ ಅವನಿಗೆ ಪಾಠ ಹೇಳಿದ್ದಳು: ಸರಕಾರಿ ಸಂಶೋಧನೆ ಅನ್ನು, ಮುಂದೆ ಬಾಯಿ ಬಿಡಬೇಡ. ಅಲ್ಲಿ ಪಂಕ್ತಿಗೆ ರೊಟ್ಟಿ ಬಂತು. ರೊಟ್ಟಿ ಕಂಡರೆ ಮಾವ ಮಾವನಾಗಿ ಉಳಿಯುತ್ತಾನೆಯೇ? ತಾಟಿನಿಂದ ರೊಟ್ಟಿ ಎತ್ತಿ ಹಿಡಿದು, ಇದರ ಮೇಲುಭಾಗದಲ್ಲಿ ಕಣ್ಣು, ತಿರುವಿದರೆ ಇಗೋ ಇಲ್ಲಿ ಬಾಯಿ ಎಂದು ಶುರು ಹಚ್ಚಿಕೊಂಡ. ಹೆಣ್ಣಿನ ತಂದೆ ತನ್ನ ತಾಟಿನ ರೊಟ್ಟಿಯನ್ನು ಮೆಲ್ಲಗೆ ಆಚೆ ಸರಿಸಿ, ಬರೀ ಅನ್ನ ಸಾಕು ಎಂದರು. ಸಂಬಂಧ ಮುರಿಯಿತು ಎಂದು ಅವ್ವ ಕಣ್ಣು ಮುಚ್ಚಿಕೊಂಡಳು. ಆಗ ಬಾಗಿಲ ಮರೆಯಿಂದ ಒಂದು ಸಣ್ಣ ದನಿ ಬಂತು.

“ಬಾಯಿ ಕೆಳಗಿದ್ದರ, ಉಸರಾಡೂವಾಗ ಉಸುಕು ಒಳಗ ಹೋಗೂದಿಲ್ಲೇನ್ರಿ?”

ಮಾವನ ಕೈಯೊಳಗಿನ ರೊಟ್ಟಿ ಅಲ್ಲೇ ನಿಂತಿತು. ಕಣ್ಣಿನ ಹಿಂದೆ ಎರಡು ತೂತು ಇರುತ್ತವೆ, ನೀರನ್ನು ಅಲ್ಲಿಂದ ಎಳೆದುಕೊಳ್ಳುತ್ತದೆ ಎಂದು ಅವನು ಬಾಗಿಲಿಗೆ ಹೇಳಿದ. ಅಷ್ಟು ವರ್ಷಗಳಲ್ಲಿ ನೆಂಟರ ಪೈಕಿ ಅವನ ಮೀನಿನ ಬಗ್ಗೆ ಪ್ರಶ್ನೆ ಕೇಳಿದ ಮೊದಲ ಜೀವ ಅದು. ಆ ದನಿಯೇ ನಮ್ಮ ಅತ್ತೆಯಾಯಿತು. ಬಾಗಿಲ ಮರೆಯ ದನಿಗೆ ಮುಖ ನೋಡದೆ ಒಪ್ಪಿಗೆ ಕೊಟ್ಟದ್ದೇ ಮಾವ ಪುರಾವೆ ಕೇಳದೆ ಮಾಡಿದ ಮೊದಲ ಕೆಲಸ.

ಕಿತ್ತೂರಿನ ಒಂದು ಶಾಲೆಯವರು ಭಾಷಣಕ್ಕೆ ಕರೆದದ್ದನ್ನೂ ಹೇಳಿಬಿಡುತ್ತೇನೆ. ಮಕ್ಕಳಿಗೆ ತೋರಿಸಲು ತೊರಕೆ ಬೇಕಲ್ಲ? ಆಯಿಯ ಹಳೆಯ ಕೌದಿಯನ್ನು ಕತ್ತರಿಸಿ, ಒಳಗೆ ಹತ್ತಿ ತುರುಕಿ, ಎತ್ತಿನ ಬಾರಕೋಲನ್ನೇ ಬಾಲವಾಗಿ ಹೊಲಿಸಿದ. ಬಸ್ಸಿನಲ್ಲಿ ಅದಕ್ಕೂ ಒಂದು ಸೀಟು. ಭಾಷಣ ಭರ್ಜರಿಯಾಯಿತು, ಕೆಲವು ಹುಡುಗಿಯರು ಅತ್ತೂಬಿಟ್ಟರು. ಹೆಡ್‌ಮಾಸ್ತರರ ಎದೆಯೂ ತುಂಬಿ ಬಂದು, ಎದ್ದು ನಿಂತು ಕೈ ಮುಂದೆ ಮಾಡಿ ಘೋಷಿಸಿದರು: ಇನ್ನು ಮೇಲೆ ಕಿತ್ತೂರು ನಾಡಿನಲ್ಲಿ ಯಾರೂ ತೊರಕೆ ಹಿಡಿಯುವುದಿಲ್ಲ! ಇಂದಿನವರೆಗೂ ಆ ಮಾತಿಗೆ ಒಬ್ಬನೂ ತಪ್ಪಿಲ್ಲ.

ಹಿಡಿಯುವವರು ಮಾತ್ರ ಹಿಡಿಯುತ್ತಲೇ ಇದ್ದರು. ದಂಡೆಯ ಜನ ಒಳ್ಳೆಯವರೇ. ಮಾವ ಹೇಳಿದ್ದಕ್ಕೆಲ್ಲ ತಲೆ ಆಡಿಸುತ್ತಿದ್ದರು, ಚಹಾ ಕುಡಿಸುತ್ತಿದ್ದರು, ಆಮೇಲೆ ತೊರಕೆಯನ್ನು ಬುಟ್ಟಿಗೆ ಹಾಕುತ್ತಿದ್ದರು. ಹೊಟ್ಟೆಪಾಡು, ಅವರದೂ ತಪ್ಪೆನ್ನುವ ಹಾಗಿರಲಿಲ್ಲ. ಹೀಗೇ ಹತ್ತು ಹನ್ನೆರಡು ವರ್ಷ ಕಳೆದವು. ಇಸವಿ ಎರಡು ಸಾವಿರ ದಾಟಿತು. ಆ ಸಲ ಸೀಗೆಹುಣ್ಣಿಮೆಗೆ ಬಂದ ಮಾವ ಮುಖ ಇಳಿಬಿಟ್ಟುಕೊಂಡು ಪಡಸಾಲೆಯಲ್ಲಿ ಕೂತ. ಬಸುರಿ ತೊರಕೆಯನ್ನು ಬಿಡುವ ಒಂದು ಬಲೆಯವರನ್ನಾದರೂ ಈ ವರ್ಷ ತೋರಿಸದಿದ್ದರೆ ಕೆಲಸ ಮುಚ್ಚುತ್ತೇವೆ ಎಂದು ಮೇಲಿನವರು ಹೇಳಿದ್ದರಂತೆ. ಅತ್ತೆ ಅದನ್ನು ಮೆಲ್ಲಗೆ ಅವ್ವನಿಗೆ ಹೇಳಿದಳು. ಮಾವ ಆ ಸಲ ರೊಟ್ಟಿಯನ್ನು ಎತ್ತಿ ಯಾರಿಗೂ ತೋರಿಸಲಿಲ್ಲ. ಆಗ ನನಗೆ ಹೆದರಿಕೆಯಾಯಿತು.

ಆಯಿ ಅಡುಗೆಮನೆಯಲ್ಲಿ ಚರಗಕ್ಕೆಂದು ಕಡುಬು ಕಟ್ಟುತ್ತಿದ್ದವಳು ಅಲ್ಲಿಂದಲೇ ಅಂದಳು, “ಹೋದರ ಹೋಗಲಿ ಬಿಡಪಾ. ತತ್ತಿ ಇಡೂ ಪ್ರಾಣಿ. ಒಂದ ಸತ್ತರ ನೂರು ಹುಟ್ಟತಾವ.”

“ತತ್ತಿ ಇಡೂದಿಲ್ಲಬೇ ಅದು. ಹೊಟ್ಟ್ಯಾಗ ಹೊತ್ತು ಹಡೀತೈತಿ. ಹಡದರ ಒಂದೋ ಎರಡೋ.”

ಕಡುಬು ಕಟ್ಟುವ ಕೈ ನಿಂತಿತು. ರಾಮದುರ್ಗಕ್ಕೆ ಗೊತ್ತಿದ್ದದ್ದು, ಕಿತ್ತೂರಿಗೆ ಗೊತ್ತಿದ್ದದ್ದು, ಹೆತ್ತ ತಾಯಿಗೆ ಗೊತ್ತಿರಲಿಲ್ಲ ನೋಡಿ! ಮೀನಿನ ಮಾತು ಬಂದರೆ ಆಕೆ ಕಿವಿ ಮುಚ್ಚಿಕೊಳ್ಳುತ್ತಿದ್ದಳಲ್ಲ. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತು ಕೇಳಿದಳು.

“ಬಸರಾಕಿನ್ನ ಹಿಡೀತಾರನು?”

“ಹಿಡೀತಾರಬೇ. ಬಲಿಗೇನ ಗೊತ್ತಾಗತೈತಿ.”

ಸೀಗೆಹುಣ್ಣಿಮೆ ಎಂದರೆ ನಮ್ಮಲ್ಲಿ ಭೂಮಿತಾಯಿ ಬಸುರಿ. ತೆನೆ ಹೊತ್ತು ನಿಂತ ಹೊಲಕ್ಕೆ ಹೋಗಿ ಬಯಕೆಯೂಟದ ಚರಗ ಚೆಲ್ಲಿ ಬರುತ್ತೇವೆ. ಮರುದಿನ ಚರಗ ಚೆಲ್ಲಿ ಬಂದವಳೇ ಆಯಿ, ತಾನು ಗೋಕರ್ಣದ ಈಶ್ವರನನ್ನು ನೋಡಬೇಕು ಎಂದಳು. ಮೊದಲು ಸವದತ್ತಿ ಎಲ್ಲಮ್ಮನಿಗೂ ಹೋಗಬೇಕಂತೆ. ಗೋಕರ್ಣ ಪಡುವಣಕ್ಕೆ, ಸವದತ್ತಿ ಮೂಡಣಕ್ಕೆ. ಆಯಿಗೆ ದಿಕ್ಕು ಹೇಳಿಕೊಡುವ ಧೈರ್ಯ ಯಾರಿಗಿತ್ತು? ಜೊತೆಗೆ ನಾನೂ ಹೊರಟೆ. ಉಗರಗೋಳದ ಅಂಗಡಿಯಲ್ಲಿ ಆಯಿ ಉಡಿ, ಅಂದರೆ ಮಡಿಲು, ತುಂಬುವ ಸಾಮಾನು ಕೊಂಡಳು: ಖಣ, ಹಸಿರು ಬಳೆ, ಅರಿಷಿಣ, ಕುಂಕುಮ, ಅಕ್ಕಿ, ಕೊಬ್ಬರಿ, ಉತ್ತತ್ತಿ. ಅಂಗಡಿಯವನು ದೇವಿಗೋ, ಮಗಳಿಗೋ ಎಂದು ವಿಚಾರಿಸಿದ. ಬಹಳ ದೂರ ಇರುವವಳು, ತವರಿನವರು ಯಾರೂ ಇಲ್ಲ ಎಂದಳು ಆಯಿ. ಅವನು ಮರುಗಿ ಇನ್ನೊಂದು ಹಿಡಿ ಉತ್ತತ್ತಿ ಹಾಕಿದ.

ಗೋಕರ್ಣದ ದರ್ಶನ ಬೇಗ ಮುಗಿಯಿತು. ಆಮೇಲೆ ಮಾವನ ಕಡಲದಂಡೆ. ಅಲ್ಲಿ ರಂಪಣಿ ಎಂಬ ದೊಡ್ಡ ಬಲೆಯನ್ನು ಊರಿನವರೆಲ್ಲ ಕೂಡಿ ದಂಡೆಗೆ ಎಳೆಯುತ್ತಾರೆ. ಆಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು, ಉಡಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು, ಬೆಳಿಗ್ಗೆ ಬೆಳಿಗ್ಗೆ ಉಸುಕಿನ ಮೇಲೆ ಕೂಡುತ್ತಿದ್ದಳು. ಇನ್ನೇನು ನಮ್ಮ ಬುತ್ತಿಯ ರೊಟ್ಟಿ ತೀರಬೇಕು, ಅಷ್ಟರಲ್ಲಿ ಒಂದು ದಿನ ಬಲೆಯಲ್ಲಿ ತೊರಕೆ ಬಂತು. ಜೀವ ಇತ್ತು. ಒಳಗಿನ ಮರಿಯಿಂದ ಬೆನ್ನು ಉಬ್ಬಿತ್ತು. ಮಾವ ಓಡಿಹೋಗಿ ಬಲೆಯ ಯಜಮಾನನ ಮುಂದೆ ಎಂದಿನಂತೆ ಕೈ ಮುಗಿದ. ಯಜಮಾನ ಎಂದಿನಂತೆ ತಲೆ ಆಡಿಸಿದ.

ಆಯಿ ಎದ್ದಳು. ಇಳಕಲ್ ಸೀರೆಯಲ್ಲೇ ಮೊಣಕಾಲ ತನಕ ನೀರಿಗೆ ಇಳಿದಳು. ಬಾಲದಲ್ಲಿ ಮುಳ್ಳಿದೆ ಎಂದು ಮಾವ ಕೂಗಿದರೆ ಹಿಂದಿರುಗಿಯೂ ನೋಡಲಿಲ್ಲ. ತಲೆಯ ಕಡೆ ಬಾಗಿ ಅರಿಷಿಣ ಕುಂಕುಮ ಉದುರಿಸಿದಳು, ಅಕ್ಕಿ ಹಾಕಿದಳು, ಉತ್ತತ್ತಿ ಹಾಕಿದಳು. ಖಣ ಬಳೆಗಳನ್ನೂ ನೀರಿಗೆ ಬಿಡಲು ಹೋದಾಗ ಮಾವ ಕೈ ಹಿಡಿದು ತಡೆದ. ವಿಜ್ಞಾನದ ಪಾಲು ಅಷ್ಟೇ. ದಂಡೆಯ ಮೇಲೆ ಬುಟ್ಟಿ ಹಿಡಿದು ನಿಂತಿದ್ದ ಹೆಂಗಸರು ಕೊಂಕಣಿಯವರು, ಆಯಿಯ ಮಾತು ಅವರಿಗೆ ಅರ್ಧ ತಿಳಿಯುತ್ತಿರಲಿಲ್ಲ. ಉಡಿ ತುಂಬುವುದು ತಿಳಿಯದ ಹೆಂಗಸು ಎಲ್ಲಿದ್ದಾಳೆ? ಯಜಮಾನನ ಹೆಂಡತಿ ಬುಟ್ಟಿ ಕೆಳಗಿಟ್ಟು, ತನ್ನ ತುರುಬಿನ ಅಬ್ಬಲಿಗೆ ಹೂ ತೆಗೆದು ಆ ನೀರಿಗೆ ಹಾಕಿದಳು.

ಆಯಿ ಆಗ ಯಜಮಾನನ ಕಡೆ ತಿರುಗಿದಳು.

“ಉಡಿ ತುಂಬಿದ ಮ್ಯಾಲ ಇದು ಆಕಿ ತವರಮನಿ ಆತು ಯಪ್ಪಾ. ತವರಮನ್ಯಾಗ ಮಗಳನ್ನ ಮಾರತಾರನು?”

ಅವನು ಹೆಂಡತಿಯ ಮುಖ ನೋಡಿದ. ಆಮೇಲೆ ಬಾಗಿ ಬಲೆಯ ಅಂಚು ಎತ್ತಿದ. ತೊರಕೆ ಒಮ್ಮೆ ಮೈ ಬೀಸಿ ಹೊರಟುಹೋಯಿತು. ಅಂದಿನಿಂದ ಆ ದಂಡೆಯ ಹೆಂಗಸರು ಬಸುರಿ ತೊರಕೆಯನ್ನು ಬುಟ್ಟಿಗೆ ಹಾಕಿಸಿಕೊಳ್ಳುವುದನ್ನು ಬಿಟ್ಟರು. ಬುಟ್ಟಿಗೆ ಹೋಗದ ಮೀನನ್ನು ಗಂಡಸರು ಇಟ್ಟುಕೊಂಡು ಏನು ಮಾಡಿಯಾರು? ಬಿಟ್ಟರು. ಕೆಲಸ ಮುಚ್ಚಲಿಲ್ಲ. ಯಾವ ವಿಧಾನದಿಂದ ಇದನ್ನು ಸಾಧಿಸಿದಿರಿ ಎಂದು ಮೇಲಿನವರು ಕೇಳಿದಾಗ ಮಾವ ಒಂದು ವಾರ ಪೆನ್ನು ಕಚ್ಚುತ್ತ ಕೂತಿದ್ದನಂತೆ.

ಊರಿಗೆ ಬಂದ ದಿನ ಹೊಸ್ತಿಲ ಹೊರಗೆ ಹಂಡೆ ಇರಲಿಲ್ಲ. ಮಾವ ರೂಢಿಯಂತೆ ಪಡಸಾಲೆಯಲ್ಲಿ ಕೂತ. ಒಳಗಿನಿಂದ ಆಯಿ, “ಅಲ್ಯಾಕ ಕುಂತಿ? ಒಳಗ ಬಾ, ರೊಟ್ಟಿ ಆರತಾವ” ಎಂದಳು. ಅವನು ಒಲೆಯ ಮುಂದೆ ಕೂತು ತಲೆ ಬಗ್ಗಿಸಿ ಉಂಡ. ಬೆಕ್ಕು ಸರಿದು ಜಾಗ ಕೊಟ್ಟಿತು.

ಆಯಿ ಹಾಸಿಗೆ ಹಿಡಿದದ್ದು ಅದಾಗಿ ಕೆಲವು ವರ್ಷಗಳ ಮೇಲೆ. ಕೊನೆಕೊನೆಗೆ ನಮ್ಮ ಹೆಸರುಗಳನ್ನೂ ಮರೆಯುತ್ತಿದ್ದಳು. ಒಂದು ಸಂಜೆ ಮಾವ ಪಕ್ಕದಲ್ಲಿ ಕೂತು ಕಾಲು ಒತ್ತುತ್ತಿದ್ದ. ಆಯಿ ಕಣ್ಣು ತೆರೆದು ಅವನನ್ನೇ ನೋಡಿದಳು.

“ಆಕಿ ಹಡದಳೇನೋ?”

ನಾವು ಯಾರ ಬಗ್ಗೆ ಎಂದು ಮುಖ ಮುಖ ನೋಡಿಕೊಂಡೆವು. ಮಾವನಿಗೆ ಮಾತ್ರ ಕೂಡಲೇ ತಿಳಿಯಿತು. ಆ ತೊರಕೆ ಎಲ್ಲಿ ಹೋಯಿತೋ, ಏನಾಯಿತೋ, ಯಾವ ಬಲೆಗೆ ಬಿದ್ದಿತೋ, ಸಮುದ್ರಕ್ಕೂ ಗೊತ್ತಿರಲಿಕ್ಕಿಲ್ಲ. ಚಹಾದ ಸಕ್ಕರೆಗೂ ಪುರಾವೆ ಕೇಳುವ ಮನುಷ್ಯ ಆಯಿಯ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ.

“ಹಡದಾಳಬೇ. ಹೆಣ್ಣು ಕೂಸು. ತಾಯಿ ಮಗಳು ಇಬ್ಬರೂ ಆರಾಮ ಅದಾರ.”